ಶೇಷ ಉಳಿಯದ ಪರದೆ: ರೆಟ್ರೊ ಹ್ಯಾಂಡ್‌ಹೆಲ್ಡ್ ಆರಿಸಿದ ನನ್ನ ಅನುಭವ

ಹಳೆಯ ಗೇಮ್‌ಗಳನ್ನು ಆಡಲು ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಸಾಧನ) ಕೊಳ್ಳುವವರು ಮೊದಲು ಪ್ರೊಸೆಸರ್ ನೋಡುತ್ತಾರೆ, ಆಮೇಲೆ ರ‍್ಯಾಮ್, ಕೊನೆಗೆ ಪರದೆ. ಈ ಕ್ರಮವನ್ನು ತಲೆಕೆಳಗು ಮಾಡಿ, ಪರದೆಯ ಪಿಕ್ಸೆಲ್‌ಗಳನ್ನು ಆಟದ ಪಿಕ್ಸೆಲ್‌ಗಳಿಂದ ಭಾಗಿಸಿ, ಶೇಷ ಉಳಿಯದ ಸಾಧನವನ್ನಷ್ಟೇ ಕೊಳ್ಳುತ್ತೇನೆ ಎಂದು ನಾನು ಹೇಳಿದಾಗ ಜೊತೆಯಲ್ಲಿ ಆಡುವ ಗೆಳೆಯರಲ್ಲಿ ಹೆಚ್ಚಿನವರು ನಕ್ಕಿದ್ದರು. ಚಿತ್ರ ಪರದೆಗೆ ಬರುವ ಮುನ್ನ ಅದನ್ನು ತಿದ್ದುವ ಶೇಡರ್ ಹಾಕಿದರೆ ಎಲ್ಲ ಮುಚ್ಚಿಹೋಗುತ್ತದೆ, ಚಿಪ್ ದುರ್ಬಲವಾಗಿದ್ದರೆ ಮಾತ್ರ ಏನು ಮಾಡಿದರೂ ಸರಿಹೋಗದು ಎಂಬುದು ಅವರ ವಾದವಾಗಿತ್ತು. ಆ ಲೆಕ್ಕದಂತೆ ಕೊಂಡ ಸಾಧನ ವರ್ಷ ಕಳೆದರೂ ನನ್ನ ಕೈಯಲ್ಲೇ ಇದೆ; ಅದಕ್ಕೂ ಮುಂಚಿನ ಯಾವುದೂ ಕೆಲವು ತಿಂಗಳಿಗಿಂತ ಹೆಚ್ಚು ಕಾಲ ಉಳಿದಿರಲಿಲ್ಲ. ನಕ್ಕವರಲ್ಲಿ ಇಬ್ಬರು ಈಗ ಅದೇ ಸಾಧನವನ್ನು ಕೊಂಡಿದ್ದಾರೆ ಎಂಬುದನ್ನು ತುಸು ಹೆಮ್ಮೆಯಿಂದಲೇ ಇಲ್ಲಿ ದಾಖಲಿಸುತ್ತೇನೆ.

ಮೊದಲು ಬಂದದ್ದು ಐದು ಇಂಚಿನ ಅಗಲ ಪರದೆಯ ಆಂಡ್ರಾಯ್ಡ್ ಸಾಧನ. ಅದರ ಚಿಪ್ ಬಗ್ಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ 16:9 ಪರದೆಯಲ್ಲಿ 4:3 ಆಟವನ್ನು ತೆರೆದ ಕೂಡಲೇ ಎರಡು ಬದಿಯಲ್ಲೂ ಕಪ್ಪು ಪಟ್ಟಿ ಬಂದು, ಪರದೆಯ ಕಾಲು ಭಾಗ ಸುಮ್ಮನೆ ಹಾಳಾಗುತ್ತದೆ. ಸ್ಕೇಲ್ ಇಟ್ಟು ಅಳೆದಾಗ, ಚಿತ್ರದ ಕರ್ಣ ಸುಮಾರು 4.1 ಇಂಚು ಇತ್ತು. ಅಂದರೆ ಐದು ಇಂಚಿಗೆ ಹಣ ಕೊಟ್ಟು, ಐದು ಇಂಚಿನ ತೂಕ ಹೊತ್ತು, ನಾಲ್ಕು ಇಂಚಿನ ಚಿತ್ರ ನೋಡುತ್ತಿದ್ದೆ. ಅದನ್ನು ಮಾರಿದಾಗ ಕೊಂಡ ಬೆಲೆಯ ಐದರಲ್ಲಿ ಮೂರು ಪಾಲು ಕೈಗೆ ಬಂತು.

ಅದರ ನಂತರ 640×480 ರೆಸೊಲ್ಯೂಷನ್ನಿನ, ಮೂರೂವರೆ ಇಂಚಿನ ಪರದೆಯ ಅಗ್ಗದ ಲಿನಕ್ಸ್ ಸಾಧನಕ್ಕೆ ಬಂದೆ. ಬೆಲೆ ಮೊದಲಿನದರ ಮೂರರಲ್ಲೊಂದು ಪಾಲು, ಆದರೆ ಕೆಲಸದಲ್ಲಿ ಅದಕ್ಕಿಂತ ಎಷ್ಟೋ ಮೇಲು. ಪ್ಲೇಸ್ಟೇಷನ್ 1ರ ಬಹುಪಾಲು ಆಟಗಳ 320×240 ಚಿತ್ರ ಇದರಲ್ಲಿ ಸರಿಯಾಗಿ ಎರಡು ಪಟ್ಟಾಗಿ ಅಂಚಿನಿಂದ ಅಂಚಿಗೆ ಕೂರುತ್ತದೆ. ತೊಡಕು ಬಂದದ್ದು ನಿಂಟೆಂಡೊದ ಹಳೆಯ ಹ್ಯಾಂಡ್‌ಹೆಲ್ಡ್ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ, ಮತ್ತು ನನ್ನ ಪಟ್ಟಿಯ ಅರ್ಧದಷ್ಟು ಆಟಗಳು ಅದರವೇ. ಅದರ ಚಿತ್ರ 240×160. ಎರಡು ಪಟ್ಟು ಮಾಡಿದರೆ 480×320 ಆಗಿ ಪರದೆಯ ಅರ್ಧವನ್ನಷ್ಟೇ ತುಂಬುತ್ತದೆ, ಕರ್ಣ ಎರಡೂವರೆ ಇಂಚಿಗೆ ಇಳಿದು 2001ರ ಮೂಲ ಸಾಧನದ 2.9 ಇಂಚಿಗಿಂತಲೂ ಚಿಕ್ಕದಾಗುತ್ತದೆ. ಮೂರು ಪಟ್ಟು ಮಾಡೋಣವೆಂದರೆ 720 ಪಿಕ್ಸೆಲ್ ಅಗಲ ಬೇಕು, ಇರುವುದು 640. ಅಗಲ ತುಂಬುವಂತೆ ಹಿಗ್ಗಿಸಿದರೆ 2.67 ಪಟ್ಟು ಎಂಬ ವಿಚಿತ್ರ ಅಂಕಿ ಬರುತ್ತದೆ. ಆಗ ಪರದೆಯ ಹತ್ತಿರ ಕಣ್ಣಿಟ್ಟು ನೋಡಿದರೆ, ಆಟದ ಒಂದು ಪಿಕ್ಸೆಲ್ ಒಂದೆಡೆ ಎರಡು ಸಾಲು, ಪಕ್ಕದಲ್ಲೇ ಇನ್ನೊಂದು ಮೂರು ಸಾಲು ಹಿಡಿದಿರುವುದು ಕಾಣುತ್ತದೆ. ಚಿತ್ರ ನಿಂತಿರುವಾಗ ಇದು ಅಷ್ಟಾಗಿ ಬಾಧಿಸುವುದಿಲ್ಲ. ಪಾತ್ರ ಓಡತೊಡಗಿ ಹಿನ್ನೆಲೆಯ ಇಟ್ಟಿಗೆ ಗೋಡೆ ಸರಿಯತೊಡಗಿದಾಗ ಪ್ರತಿ ಇಟ್ಟಿಗೆಯೂ ದಪ್ಪವಾಗಿ ತೆಳುವಾಗಿ ಮತ್ತೆ ದಪ್ಪವಾಗಿ, ಇಡೀ ಗೋಡೆಯೇ ಮಿನುಗುತ್ತದೆ. ಬೈಲೀನಿಯರ್ ಫಿಲ್ಟರ್ ಹಾಕಿದರೆ ಮಿನುಗು ಹೋಗಿ ಮಸುಕು ಬರುತ್ತದೆ. ಶೇಡರ್‌ಗಳನ್ನೂ ಬದಲಿಸಿ ಬದಲಿಸಿ ನೋಡಿದೆ. ಮಿನುಗು ಇಲ್ಲವೇ ಮಸುಕು, ಎರಡರಲ್ಲೊಂದನ್ನು ಒಪ್ಪಿಕೊಳ್ಳಲೇಬೇಕು ಎಂಬಲ್ಲಿಗೇ ಪ್ರತಿ ಸಲವೂ ಬಂದು ನಿಂತೆ.

ಆಗ ಒಂದು ಹಾಳೆ ತೆಗೆದುಕೊಂಡು, ನಿಜವಾಗಿ ಆಡುವ ಆಟಗಳನ್ನು ಮಾತ್ರ ಬರೆದೆ. ಕಾರ್ಡಿನಲ್ಲಿ ಎಷ್ಟು ಸಾವಿರ ಆಟಗಳು ಹಿಡಿಯುತ್ತವೆ ಎಂಬ ಲೆಕ್ಕಕ್ಕೆ ಇಲ್ಲಿ ಜಾಗವಿಲ್ಲ. ನನ್ನ ಪಟ್ಟಿ ನಲವತ್ತರ ಆಸುಪಾಸಿನಲ್ಲಿ ನಿಂತಿತು, ಪ್ರತಿಯೊಂದರ ಮುಂದೆ ಅದರ ಕನ್ಸೋಲಿನ ಮೂಲ ರೆಸೊಲ್ಯೂಷನ್ ಬರೆದು, ಮಾರುಕಟ್ಟೆಯಲ್ಲಿ ಸಿಗುವ ಪರದೆಗಳನ್ನು ಒಂದೊಂದಾಗಿ ಭಾಗಿಸುತ್ತ ಹೋದೆ. 720×480ರ ಸಾಲಿಗೆ ಬಂದಾಗ ಲೆಕ್ಕ ತಾನೇ ತೆರೆದುಕೊಂಡಿತು. ಗೇಮ್ ಬಾಯ್ ಅಡ್ವಾನ್ಸ್ ಮೂರು ಪಟ್ಟಾಗಿ ಪರದೆಯನ್ನು ಒಂದು ಪಿಕ್ಸೆಲ್ಲೂ ಬಿಡದೆ ತುಂಬುತ್ತದೆ. 160×144ರ ಗೇಮ್ ಬಾಯ್ ಮೂರು ಪಟ್ಟಿಗೆ 480×432 ಆಗುತ್ತದೆ. ಟಿವಿಗೆ ಜೋಡಿಸುವ ಹಳೆಯ ಕನ್ಸೋಲುಗಳಲ್ಲಿ ನಿಂಟೆಂಡೊದ ಎನ್‌ಇಎಸ್ ಎರಡು ಪಟ್ಟಿಗೆ 512×480, ಸೂಪರ್ ಎನ್‌ಇಎಸ್ 512×448, ಸೆಗಾದ ಮೆಗಾ ಡ್ರೈವ್ 640×448, ಪ್ಲೇಸ್ಟೇಷನ್ 640×480. ಕೆಲವಕ್ಕೆ ಸುತ್ತ ಖಾಲಿ ಅಂಚು ಉಳಿದರೂ, ಪಟ್ಟಿಯಲ್ಲಿದ್ದ ಒಂದು ಕನ್ಸೋಲೂ ಪೂರ್ಣಾಂಕ ಬಿಟ್ಟು ಹೊರಗೆ ಹೋಗಲಿಲ್ಲ. ಈ ರೆಸೊಲ್ಯೂಷನ್ನಿನ 3.4 ಇಂಚಿನ ಪರದೆ ಇರುವುದು ಆನ್‌ಬರ್ನಿಕ್ ಕಂಪನಿಯ ಆರ್‌ಜಿ34ಎಕ್ಸ್‌ಎಕ್ಸ್‌ನಲ್ಲಿ. ಅನಲಾಗ್ ಸ್ಟಿಕ್ ಇಲ್ಲ, ಚಿಪ್ ಆಲ್‌ವಿನ್ನರ್ ಎಚ್700, ಅಂದರೆ ನನ್ನ ಗೆಳೆಯರ ಭಾಷೆಯಲ್ಲಿ ದುರ್ಬಲ ಚಿಪ್. ಅದನ್ನೇ ತರಿಸಿದೆ. ಗೇಮ್ ಬಾಯ್ ಚಿತ್ರ ಇದರಲ್ಲಿ ಅಡ್ಡಲಾಗಿ ಸುಮಾರು 48 ಮಿಲಿಮೀಟರ್ ಬರುತ್ತದೆ. 1989ರ ಮೂಲ ಸಾಧನದಲ್ಲಿ ಅದು 47 ಮಿಲಿಮೀಟರ್ ಇತ್ತು. ಇದನ್ನು ಮೊದಲೇ ಲೆಕ್ಕ ಹಾಕಿರಲಿಲ್ಲ, ಅದೃಷ್ಟಕ್ಕೆ ಒದಗಿತು.

ಪೂರ್ಣಾಂಕದ ಹಟಕ್ಕೆ ಒಂದು ಬೆಲೆಯಿದೆ ಎಂಬುದನ್ನೂ ಹೇಳಬೇಕು. ಎನ್‌ಇಎಸ್ ಮತ್ತು ಸೂಪರ್ ಎನ್‌ಇಎಸ್ ಚಿತ್ರಗಳು ಹಳೆಯ ಟಿವಿಯಲ್ಲಿ ಅಡ್ಡಲಾಗಿ ಹಿಗ್ಗಿ ಕಾಣುತ್ತಿದ್ದವು, ಅವುಗಳ ಪಿಕ್ಸೆಲ್ಲಿನ ಅನುಪಾತ 8:7. ಚೌಕ ಪಿಕ್ಸೆಲ್ಲಿನ ಪರದೆಯಲ್ಲಿ ಅದನ್ನು ಹಾಗೆಯೇ ದ್ವಿಗುಣಗೊಳಿಸಿದರೆ ಚಿತ್ರ ಎಂಟರಲ್ಲೊಂದು ಪಾಲು ಕಿರಿದಾಗಿ, ದುಂಡಗಿನ ಚಂದ್ರ ಮೊಟ್ಟೆಯಾಕಾರವಾಗುತ್ತಾನೆ. ಎತ್ತರವನ್ನು ಪೂರ್ಣಾಂಕದಲ್ಲೇ ಇಟ್ಟು, ಅಗಲವನ್ನು ಮಾತ್ರ ಹಿಗ್ಗಿಸಿ, ಅಂಚಿನ ಪಿಕ್ಸೆಲ್‌ಗಳನ್ನಷ್ಟೇ ಮೃದುವಾಗಿಸುವ ಒಂದು ಹೊಂದಾಣಿಕೆಯನ್ನು ನಾನು ಮಾಡಿಕೊಂಡಿದ್ದೇನೆ. ಅದರ ಅಂಕಿಗಳನ್ನು ಹುಡುಕಲು ಹಲವು ರಾತ್ರಿಗಳು ಹೋಗಿವೆ, ಹಾಗಾಗಿ ಅವು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಶೇಡರ್‌ಗಳಲ್ಲಿ ಕೈಯಾಡಿಸಿದವರಿಗೆ ಇಷ್ಟು ಸುಳಿವು ಸಾಕು.

ನಡುವೆ ಗೆಳೆಯರೊಬ್ಬರಿಂದ 720×720ರ ಚೌಕ ಪರದೆಯ ಆರ್‌ಜಿ ಕ್ಯೂಬ್ ಎಕ್ಸ್‌ಎಕ್ಸ್ ಅನ್ನು ಎರವಲು ತಂದು ಅದನ್ನೂ ಭಾಗಿಸಿದೆ. ಫಲ ಯೋಚಿಸುವಂತಿತ್ತು. ಅದರ ಪರದೆ 3.95 ಇಂಚಿನದು, ಹಾಗಾಗಿ ಅಡ್ವಾನ್ಸ್ ಚಿತ್ರ ಎರಡೂ ಸಾಧನಗಳಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಬರುತ್ತದೆ. ಆದರೆ ಗೇಮ್ ಬಾಯ್ ಚಿತ್ರ ಚೌಕದಲ್ಲಿ ನಾಲ್ಕು ಪಟ್ಟಿಗೆ, 640×576ಕ್ಕೆ, ಏರುತ್ತದೆ. ಕಪ್ಪು ಬಿಳುಪಿನ ಗೇಮ್ ಬಾಯ್ ಆಟಗಳನ್ನೇ ಹೆಚ್ಚಾಗಿ ಆಡುವವರಿಗೆ ಚೌಕವೇ ಸರಿ ಎಂದು ಒಪ್ಪುತ್ತೇನೆ. ಎನ್‌ಇಎಸ್‌ಗೆ ಮಾತ್ರ ಅದು ಒದಗಲಿಲ್ಲ: ಮೂರು ಪಟ್ಟಿಗೆ ಎತ್ತರ 720 ಆಗಿ ಹೊಂದಿದರೂ ಅಗಲ 768 ಆಗಿ ಹೊರಗೆ ಚೆಲ್ಲುತ್ತದೆ. ಜೇಬಿನಲ್ಲೂ ಅದು ಕೂರುವುದಿಲ್ಲ.

ಪರದೆಯ ಪಿಕ್ಸೆಲ್ ಹೊಂದಿದರೂ ಅದರ ವೇಗ ಹೊಂದಬೇಕಲ್ಲ. ಗೇಮ್ ಬಾಯ್ ಮತ್ತು ಅಡ್ವಾನ್ಸ್ ಎರಡೂ ಸೆಕೆಂಡಿಗೆ 59.73 ಫ್ರೇಮ್ ಓಡಿಸುತ್ತವೆ, ಇಂದಿನ ಪರದೆ ಸುಮಾರು 60. ಈ ಕಾಲು ಫ್ರೇಮಿನ ಅಂತರವನ್ನು ಹಾಗೆಯೇ ಬಿಟ್ಟರೆ ಸುಮಾರು ಮೂರೂ ಮುಕ್ಕಾಲು ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಬಾರಿ ಬಂದು, ಸರಿಯುವ ಹಿನ್ನೆಲೆ ಸಣ್ಣಗೆ ತಡವರಿಸುತ್ತದೆ. ಇದನ್ನು ಚಿಪ್ಪಿನ ದೌರ್ಬಲ್ಯವೆಂದು ತಿಳಿದು ಸಾಧನ ಬದಲಿಸಿದವರನ್ನು ನಾನು ಬಲ್ಲೆ. ಹಳೆಯ ಕನ್ಸೋಲುಗಳನ್ನು ಅನುಕರಿಸಿ ಆಟ ಓಡಿಸುವ ತಂತ್ರಾಂಶ ರೆಟ್ರೊಆರ್ಕ್‌ನಲ್ಲಿ (RetroArch), ಆಟವನ್ನು ಪರದೆಯ ವೇಗಕ್ಕೆ ಕಟ್ಟುವ ವಿ-ಸಿಂಕ್ ಇಟ್ಟು, ಧ್ವನಿಯನ್ನು ಅದಕ್ಕೆ ಹೊಂದಿಸಿಕೊಳ್ಳಲು ಬಿಟ್ಟರೆ ಆಟ ಅರ್ಧ ಶೇಕಡಾದಷ್ಟು ಬೇಗ ಓಡುತ್ತದೆ, ತಡವರಿಕೆ ಇಲ್ಲವಾಗುತ್ತದೆ. ಸಂಗೀತ ಅಷ್ಟು ಬೇಗವಾದದ್ದು ನನ್ನ ಕಿವಿಗಂತೂ ಸಿಕ್ಕಿಲ್ಲ.

ಪರದೆಯ ನಂತರ ನಾನು ನೋಡುವುದು ಡಿ-ಪ್ಯಾಡ್, ಅಂದರೆ ನಾಲ್ಕು ದಿಕ್ಕಿನ ಬಟನ್. ಇದಕ್ಕೆ ಟೆಟ್ರಿಸ್‌ಗಿಂತ ಒಳ್ಳೆಯ ಪರೀಕ್ಷೆ ನನಗೆ ಕಂಡಿಲ್ಲ. ತುಂಡು ಬೀಳುತ್ತಿರುವಾಗ ಹೆಬ್ಬೆರಳನ್ನು ಎತ್ತದೆ ಎಡಕ್ಕೂ ಬಲಕ್ಕೂ ಹೊರಳಿಸುತ್ತಿರಬೇಕು; ತುಂಡು ತಾನಾಗಿ ಸರ‍್ರನೆ ಕೆಳಗೆ ಜಾರಿತೆಂದರೆ, ಬಲ ಒತ್ತಿದಾಗ ಕೆಳಗಿನ ಸಂಪರ್ಕವೂ ತಗಲುತ್ತಿದೆ ಎಂದು ಅರ್ಥ. ಮೂರೂವರೆ ಇಂಚಿನ ಹಿಂದಿನ ಸಾಧನದಲ್ಲಿ ಹತ್ತು ಬಾರಿ ಹೊರಳಿಸಿದರೆ ಎರಡು ಮೂರು ಬಾರಿಯಾದರೂ ಹೀಗಾಗುತ್ತಿತ್ತು. ಅದನ್ನು ಬಿಚ್ಚಿ, ರಬ್ಬರ್ ಮೆಂಬ್ರೇನಿನ ಅಡಿಯಲ್ಲಿ ಬೋರ್ಡಿನ ಸಂಪರ್ಕಗಳ ಮೇಲೆ ಚಿಕ್ಕ ರಂಧ್ರ ಕೊರೆದ ಕ್ಯಾಪ್ಟಾನ್ ಟೇಪ್ (ವಿದ್ಯುತ್ ಹರಿಯದ ತೆಳು ಟೇಪ್) ಅಂಟಿಸಿದೆ. ರಂಧ್ರ ದೊಡ್ಡದಾದರೆ ಪ್ರಯೋಜನವಿಲ್ಲ, ತೀರ ಚಿಕ್ಕದಾದರೆ ಬಟನ್ ಒತ್ತಿದ್ದೇ ಗೊತ್ತಾಗುವುದಿಲ್ಲ. ಕಾಗದಕ್ಕೆ ರಂಧ್ರ ಹೊಡೆಯುವ ಪಂಚಿನ ಅಳತೆ ದೊಡ್ಡದಾಯಿತು, ಚೂಪಾದ ಟೊಳ್ಳು ಕೊಳವೆಯಿಂದ ಒತ್ತಿ ಕತ್ತರಿಸಿದ್ದು ಸರಿಹೋಯಿತು. ಖರ್ಚು ಏನೂ ಇಲ್ಲವೆನ್ನುವಷ್ಟು. ಹೀಗೆ ಸರಿಪಡಿಸಿದ್ದರಿಂದ ಅದನ್ನು ಮಾರುವಾಗ ಕೊಂಡ ಬೆಲೆಗೆ ಸಮೀಪದ ಮೊತ್ತವೇ ಬಂತು.

ಬಟನ್ ಒತ್ತಿದ ಮೇಲೆ ಪರದೆಯಲ್ಲಿ ಫಲ ಕಾಣಲು ಹಿಡಿಯುವ ಹೊತ್ತನ್ನು ಬಾಯಿಮಾತಿನಲ್ಲಿ ನಂಬದೆ ಫೋನಿನ ಸ್ಲೋ ಮೋಷನ್ ಕ್ಯಾಮೆರಾದಲ್ಲಿ ಅಳೆದೆ. ಸೆಕೆಂಡಿಗೆ 240 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 4.2 ಮಿಲಿಸೆಕೆಂಡು. ಬೆರಳು ಬಟನ್ನನ್ನು ಪೂರ್ತಿ ಕೆಳಗೊತ್ತಿದ ಫ್ರೇಮಿನಿಂದ ಪಾತ್ರ ನೆಲ ಬಿಡುವ ಫ್ರೇಮಿನವರೆಗೆ ಎಣಿಸಿದರೆ ಮುಗಿಯಿತು. ನೆನಪಿನಿಂದ ಹೇಳುವುದಾದರೆ ಆ ಬಲಿಷ್ಠ ಆಂಡ್ರಾಯ್ಡ್ ಸಾಧನದಲ್ಲಿ ಇಪ್ಪತ್ತೈದರ ಸುತ್ತ, ಅಂದರೆ ನೂರು ಮಿಲಿಸೆಕೆಂಡಿಗೆ ಸಮೀಪ, ಬಂದಿತ್ತು. ಈಗಿನದರಲ್ಲಿ ಹದಿನೈದರ ಸುತ್ತ. ಚಿಪ್ ದೊಡ್ಡದಾದ ಮಾತ್ರಕ್ಕೆ ಬಟನ್ ಚುರುಕಾಗುವುದಿಲ್ಲ ಎಂದು ಗೆಳೆಯರಿಗೆ ತೋರಿಸಲು ಈ ವಿಡಿಯೊಗಳೇ ಸಾಕಾದವು.

ಈ ವಿಳಂಬವನ್ನು ಇನ್ನೂ ಇಳಿಸಲು, ಮುಂದಿನ ಫ್ರೇಮುಗಳನ್ನು ಮೊದಲೇ ಓಡಿಸಿ ತೋರಿಸುವ ರೆಟ್ರೊಆರ್ಕ್‌ನ ರನ್ ಅಹೆಡ್ ಆಯ್ಕೆಯನ್ನು ಬಳಸುತ್ತೇನೆ. ಆಟವನ್ನು ತಡೆದು ನಿಲ್ಲಿಸಿ, ಜಿಗಿಯುವ ಬಟನ್ನನ್ನು ಒತ್ತಿ ಹಿಡಿದು, ಒಂದೊಂದೇ ಫ್ರೇಮ್ ಮುಂದೆ ಸರಿಸಬೇಕು. ಮೂರನೆಯ ಫ್ರೇಮಿನಲ್ಲಿ ಪಾತ್ರ ಅಲುಗಿದರೆ ಆ ಆಟಕ್ಕೆ ಎರಡು ಫ್ರೇಮ್ ಕೊಡಬಹುದು, ಎರಡನೆಯದರಲ್ಲೇ ಅಲುಗಿದರೆ ಒಂದಕ್ಕಿಂತ ಹೆಚ್ಚು ಕೊಡಬಾರದು. ಹೆಚ್ಚಾದರೆ ಚಲನೆಯ ನಡುವಿನ ಚಿತ್ರಗಳು ನುಂಗಿಹೋಗಿ ಪಾತ್ರ ಜಿಗಿಜಿಗಿದು ಸಾಗುತ್ತದೆ. ಈ ಅಂಕಿ ಆಟದಿಂದ ಆಟಕ್ಕೆ ಬೇರೆಯಾದ್ದರಿಂದ ಎಲ್ಲಕ್ಕೂ ಒಂದೇ ಎಂದು ಇಡುವ ಸೋಮಾರಿತನ ನಡೆಯದು. ಪ್ರೊಸೆಸರ್ ನಿಜವಾಗಿ ಲೆಕ್ಕಕ್ಕೆ ಬಂದದ್ದು ಇಲ್ಲಿ ಮಾತ್ರ: ಪ್ರತಿ ಫ್ರೇಮಿಗೂ ಮುಂದಿನದನ್ನು ಗುಟ್ಟಾಗಿ ಓಡಿಸಿ ನೋಡಬೇಕಾದ್ದರಿಂದ ಕೆಲಸ ಎರಡು ಮೂರು ಪಟ್ಟಾಗುತ್ತದೆ. ಎನ್‌ಇಎಸ್ ಮತ್ತು ಗೇಮ್ ಬಾಯ್‌ಗೆ ಎಚ್700 ಧಾರಾಳವಾಗಿ ಸಾಕು, ಸೂಪರ್ ಎನ್‌ಇಎಸ್‌ಗೆ ಸ್ನೆಸ್9ಎಕ್ಸ್‌ನ ಹಗುರ ಕೋರ್ (ಆಯಾ ಕನ್ಸೋಲನ್ನು ಅನುಕರಿಸುವ ತಂತ್ರಾಂಶದ ಭಾಗ) ಬಳಸಿದರೆ ಸಾಕು, ಪ್ಲೇಸ್ಟೇಷನ್‌ಗೆ ನಾನು ಅದನ್ನು ಹಚ್ಚುವುದೇ ಇಲ್ಲ.

ಬಣ್ಣದ ವಿಷಯ ಚಿಕ್ಕದು. ಮೂಲ ಅಡ್ವಾನ್ಸ್‌ನ ಪರದೆಗೆ ಸ್ವಂತ ಬೆಳಕಿರಲಿಲ್ಲವಾದ್ದರಿಂದ ಅದರ ಹಲವು ಆಟಗಳಲ್ಲಿ ಬಣ್ಣಗಳನ್ನು ಬೇಕೆಂದೇ ಹೆಚ್ಚು ಉಜ್ವಲವಾಗಿ ಬಳಿದಿದ್ದಾರೆ, ಇಂದಿನ ಪರದೆಯಲ್ಲಿ ಅವು ಕಣ್ಣಿಗೆ ಕುಕ್ಕುತ್ತವೆ. ಎಂಜಿಬಿಎ ಕೋರಿನಲ್ಲಿರುವ ಬಣ್ಣ ತಿದ್ದುವ ಆಯ್ಕೆಯನ್ನು ಒಮ್ಮೆ ಹಾಕಿದವರು ಮತ್ತೆ ತೆಗೆಯುವುದಿಲ್ಲ.

ಹಣದ ಲೆಕ್ಕಕ್ಕೆ ಬರುತ್ತೇನೆ. ಸಾಧನಗಳನ್ನು ಕೊಂಡು ಮಾರಿದ್ದರಲ್ಲಿ ಒಟ್ಟು ಕಳೆದ ಮೊತ್ತ ಈಗಿನ ಸಾಧನದ ಬೆಲೆಯ ಒಂದೂವರೆ ಪಟ್ಟಿನಷ್ಟಿರಬಹುದು, ಅದರಲ್ಲಿ ಬಹುಪಾಲು ಅಗಲ ಪರದೆಯದೇ. ಹೊಸ ಸಾಧನಕ್ಕೆ ಕೊಟ್ಟ ಮೇಲೂ ಒಂದು ಒಳ್ಳೆಯ ಮೆಮೊರಿ ಕಾರ್ಡಿಗೆ ಹಣ ತೆಗೆದಿಡಬೇಕು. ಅಗ್ಗದ ಸಾಧನವೊಂದರ ಜೊತೆ ಬಂದ ಹೆಸರಿಲ್ಲದ ಕಾರ್ಡ್ ಎರಡನೆಯ ತಿಂಗಳಲ್ಲೇ ಓದುವುದನ್ನು ನಿಲ್ಲಿಸಿ, ನಾಲ್ಕು ಆಟಗಳ ಪ್ರಗತಿಯನ್ನೂ ಜೊತೆಗೆ ಒಯ್ದಿತು. ಅಂದಿನಿಂದ ಪೆಟ್ಟಿಗೆ ತೆರೆದ ಕೂಡಲೇ ಆ ಕಾರ್ಡನ್ನು ತೆಗೆದು ಬದಿಗಿಟ್ಟು, ಹೆಸರುವಾಸಿ ಕಂಪನಿಯ ಕಾರ್ಡಿಗೆ ಸಾಧನವನ್ನು ನಡೆಸುವ ಮೂಲ ತಂತ್ರಾಂಶವಾದ ಫರ್ಮ್‌ವೇರನ್ನು ಹೊಸದಾಗಿ ಬರೆಯುತ್ತೇನೆ. ನನ್ನದರಲ್ಲಿ ಈಗ ಇರುವುದು ಕ್ನಲ್ಲಿ (Knulli) ಎಂಬ ಫರ್ಮ್‌ವೇರ್. ಚಾರ್ಜಿಂಗ್ ಕೇಬಲ್ಲಿನ ತೊಡಕನ್ನೂ ಕೆಲವರು ಸಾಧನ ಸತ್ತಿತೆಂದು ತಿಳಿಯುತ್ತಾರೆ: ಯುಎಸ್‌ಬಿ-ಸಿ ಕಿಂಡಿಯ ಒಳಗೆ ಇರಬೇಕಾದ 5.1 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಅಗ್ಗದ ಹಲವು ಸಾಧನಗಳಲ್ಲಿ ಬಿಟ್ಟಿರುತ್ತಾರೆ, ಆಗ ಸಿ-ಇಂದ-ಸಿ ಕೇಬಲ್ಲಿನಲ್ಲಿ ಚಾರ್ಜ್ ಆಗುವುದಿಲ್ಲ, ಎ-ಇಂದ-ಸಿ ಕೇಬಲ್ ಹಾಕಿದರೆ ಆಗುತ್ತದೆ.

ಸಾಧನ ಬದಲಿಸುವಾಗ ಆಟದ ಒಳಗೇ ಉಳಿಸಿದ ಎಸ್‌ಆರ್‌ಎಂ ಫೈಲುಗಳು ಮಾತ್ರ ನೆಚ್ಚಿಕೆಗೆ ಅರ್ಹ. ಆಟದ ಆ ಕ್ಷಣದ ಸ್ಥಿತಿಯನ್ನು ಹೊರಗಿನಿಂದ ಹಿಡಿದಿಡುವ ಸೇವ್ ಸ್ಟೇಟ್‌ಗಳು ಕೋರ್ ಬೇರೆಯಾದರೆ, ಕೆಲವೊಮ್ಮೆ ಅದೇ ಕೋರಿನ ಆವೃತ್ತಿ ಬದಲಾದರೂ, ತೆರೆಯುವುದಿಲ್ಲ. ನಿಂಟೆಂಡೊ 64 ಮತ್ತು ಡ್ರೀಮ್‌ಕಾಸ್ಟ್ ಬೇಕೆನ್ನುವವರಿಗೆ ನನ್ನ ಸಾಧನ ಒದಗುವುದಿಲ್ಲ, ಅದಕ್ಕೆ ಚಿಪ್ಪೂ ಬೇಕು, ಸ್ಟಿಕ್ಕೂ ಬೇಕು. ಅವು ನನ್ನ ನಲವತ್ತರ ಪಟ್ಟಿಯಲ್ಲಿ ಇರಲಿಲ್ಲ. ಈಚೆಗೆ ಸೋನಿಯ ಹಳೆಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಯ ಎರಡು ಆಟಗಳನ್ನು ಪಟ್ಟಿಗೆ ಸೇರಿಸುವ ಆಸೆ ಹುಟ್ಟಿದೆ. ಅದರ ಚಿತ್ರ 480×272. 720ರಲ್ಲಿ ಅದು ಒಂದೂವರೆ ಪಟ್ಟು, 960×544ರ ಪರದೆಯಲ್ಲಾದರೆ ಸರಿಯಾಗಿ ಎರಡು ಪಟ್ಟು, ಮತ್ತು ಆ ಅಳತೆಯ ಪರದೆ ಇರುವುದು ಪ್ಲೇಸ್ಟೇಷನ್ ವೀಟಾದಲ್ಲಿ. ಸೆಕೆಂಡ್ ಹ್ಯಾಂಡ್ ವೀಟಾದ ಬೆಲೆ ವಿಚಾರಿಸುತ್ತಿದ್ದೇನೆ.