ಹೊಟ್ಟೆಯ ಮಹಾಪಧಮನಿ ಒಡೆದರೆ ಮಾಡಬೇಕಾದ್ದೇನು?

65 ದಾಟಿದ, ಬೀಡಿ-ಸಿಗರೇಟಿನ ಅಭ್ಯಾಸವಿರುವ ಗಂಡಸಿಗೆ ಇದ್ದಕ್ಕಿದ್ದಂತೆ ಹೊಟ್ಟೆಯಲ್ಲೋ ಸೊಂಟದಲ್ಲೋ ಸೀಳುವಂಥ ನೋವು ಬಂದು, ಬೆವರಿ ಕುಸಿದರೆ, 'ಕಿಡ್ನಿ ಕಲ್ಲಿರಬೇಕು' ಎಂದು ನೋವಿನ ಇಂಜೆಕ್ಷನ್ ಕೊಡಿಸಿ ಮಲಗಿಸಬೇಡಿ. ಉಬ್ಬಿದ್ದ ಮಹಾಪಧಮನಿ, ಅಂದರೆ ಹೃದಯದಿಂದ ಹೊಟ್ಟೆಯತ್ತ ರಕ್ತ ಒಯ್ಯುವ ಅತಿ ದೊಡ್ಡ ರಕ್ತನಾಳ, ಒಡೆದಿರಬಹುದು.

ಮೊದಲು 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವಷ್ಟರಲ್ಲಿ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ: ಈ ಹೊತ್ತಿನಲ್ಲಿ ಸಿ.ಟಿ. ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಆಗುತ್ತದೆಯೇ? ವ್ಯಾಸ್ಕ್ಯುಲರ್ ಸರ್ಜನ್ (ರಕ್ತನಾಳಗಳ ಶಸ್ತ್ರಚಿಕಿತ್ಸಕ) ಸಿಗುತ್ತಾರೆಯೇ? ಮಹಾಪಧಮನಿಯ ಸ್ಟೆಂಟ್ ಗ್ರಾಫ್ಟ್ ಇದೆಯೇ? 'ಹಾರ್ಟ್ ಸ್ಟೆಂಟ್ ಹಾಕುತ್ತೇವೆ' ಎಂಬ ಉತ್ತರ ಸಾಲದು. ಅದು ಬೇರೆ, ಒಡೆದ ನಾಳವನ್ನು ಒಳಗಿನಿಂದ ಮುಚ್ಚುವ, ಬಟ್ಟೆ ಹೊದಿಸಿದ ಈ ದಪ್ಪ ಕೊಳವೆ ಬೇರೆ.

ಜನ ಎಡವುವುದು ದಾರಿಯಲ್ಲಿ. ಬಿ.ಪಿ. 80 ಕಂಡ ಕೂಡಲೇ 'ಇನ್ನೊಂದು ಬಾಟಲಿ ಗ್ಲೂಕೋಸ್ ಹಾಕಿ' ಎಂದು ಮನೆಯವರು ಗಲಾಟೆ ಮಾಡುತ್ತಾರೆ. ಯಾರೋ ಬಾಟಲಿಯನ್ನು ಹಿಂಡುತ್ತಲೂ ಇರುತ್ತಾರೆ. ದಯವಿಟ್ಟು ಬೇಡ. ಸೋರಿದ ರಕ್ತ ಹೆಪ್ಪುಗಟ್ಟಿ ತೂತನ್ನು ತಾತ್ಕಾಲಿಕವಾಗಿ ಮುಚ್ಚಿರುತ್ತದೆ. ಒತ್ತಡ ಏರಿದರೆ ಆ ಹೆಪ್ಪು ಕಿತ್ತುಹೋಗುತ್ತದೆ; ಬಾಟಲಿಯ ದ್ರವ ಬೆರೆತು ನೀರಾದ ರಕ್ತ ಮತ್ತೆ ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ರೋಗಿ ಎಚ್ಚರವಿದ್ದು ಮಾತಾಡುತ್ತಿದ್ದರೆ ಮೇಲಿನ ಬಿ.ಪಿ. 70ರಿಂದ 90ರೊಳಗೆ ಇರಲು ವೈದ್ಯರು ಬೇಕೆಂದೇ ಬಿಡುತ್ತಾರೆ. ಹಾಗೆಂದು ತೀರಾ ಕೆಳಗಿಳಿಯಲೂ ಬಿಡಬಾರದು: ಬ್ರಿಟನ್ನಿನ 'ಇಂಪ್ರೂವ್' ಅಧ್ಯಯನದಲ್ಲಿ 70ಕ್ಕಿಂತ ಕೆಳಗೆ ಹೋದವರಲ್ಲಿ ಸಾವು ಹೆಚ್ಚಿತ್ತು. ಪ್ರಜ್ಞೆ ತಪ್ಪಿದರೆ ಬೇಕಾದ್ದು ರಕ್ತ, ಬರೀ ಸಲೈನ್ ಅಲ್ಲ.

ಸಿ.ಟಿ.ಯಲ್ಲಿ ಕಿಡ್ನಿಯ ರಕ್ತನಾಳಗಳ ಕೆಳಗೆ ಗ್ರಾಫ್ಟ್ ಹಿಡಿದು ನಿಲ್ಲಲು ಗಟ್ಟಿ ಜಾಗ ಇದೆಯೇ ಎಂದು ನೋಡುತ್ತಾರೆ. ಇಲ್ಲದಿದ್ದರೆ ಸಾಮಾನ್ಯವಾಗಿ ಹೊಟ್ಟೆ ತೆರೆದೇ ಆಪರೇಷನ್.

ಜಾಗ ಇದ್ದರೆ, ಸಾಧ್ಯವಾದಷ್ಟೂ ತೊಡೆಸಂದಿಯನ್ನಷ್ಟೇ ಮರಗಟ್ಟಿಸಿ ಗ್ರಾಫ್ಟ್ ಹಾಕಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಪೂರ್ತಿ ಅರಿವಳಿಕೆ ಕೊಟ್ಟರೆ ಹೊಟ್ಟೆಯ ಸ್ನಾಯು ಸಡಿಲವಾಗಿ, ಹೆಪ್ಪಿಗಿದ್ದ ಒತ್ತು ತಪ್ಪಿ, ಬಿ.ಪಿ. ಒಮ್ಮೆಲೇ ಕುಸಿಯಬಹುದು. ತೊಡೆಸಂದಿಯ ರಕ್ತನಾಳದಿಂದ ತಂತಿ ಏರಿಸಿ, ಅದರ ಮೇಲೆ ಗ್ರಾಫ್ಟ್ ಒಯ್ದು ಬಿಡಿಸುತ್ತಾರೆ. ಅಷ್ಟರೊಳಗೆ ರೋಗಿ ಕುಸಿದರೆ, ಒಡೆದ ಜಾಗದ ಮೇಲ್ಭಾಗದಲ್ಲಿ ಬಲೂನು ಉಬ್ಬಿಸಿ ಹರಿವು ತಡೆಯುತ್ತಾರೆ.

ಐಸಿಯುನಲ್ಲಿ ಹೊಟ್ಟೆ ಬಿಗಿದು ಮೂತ್ರ ಇಳಿಯದಿದ್ದರೆ, ಒಳಗಿನ ಒತ್ತಡ ಇಳಿಸಲು ಹೊಟ್ಟೆ ತೆರೆಯಬೇಕಾಗಬಹುದು. 'ಕೊಯ್ಯದೆ ಮಾಡುತ್ತೇವೆ ಎಂದಿರಲ್ಲ' ಎಂದು ಸಹಿ ಹಾಕಲು ತಡಮಾಡಬೇಡಿ. ಮನೆಗೆ ಬಂದ ಮೇಲೂ ಗ್ರಾಫ್ಟ್ ಪಕ್ಕದಿಂದ ರಕ್ತ ಸೋರುತ್ತಿದೆಯೇ ಎಂದು ತಿಳಿಯಲು ವೈದ್ಯರು ಹೇಳಿದಾಗೆಲ್ಲ ಸ್ಕ್ಯಾನ್ ಮಾಡಿಸಿ. ರೋಗಿಯ ಅಣ್ಣತಮ್ಮಂದಿರಿಗೂ ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಆಗಲಿ. ಈ ಉಬ್ಬು ಮನೆತನದಲ್ಲೂ ಬರುತ್ತದೆ.