ನಮ್ಮ ಕೆಲಸದ ಮೇಲಿನ ಸಂಶೋಧನೆಗೆ ಆನ್‌ಲೈನ್‌ನಲ್ಲಿ ಎಷ್ಟು ಗಮನ? ಲೆಕ್ಕ ಇಡುವ ಬಗೆ

ಮುಂಬೈಯ ಪರೇಲಿನ ಆಸ್ಪತ್ರೆಯೊಂದರಲ್ಲಿ ನಾನು ಸ್ಟಡಿ ಕೋಆರ್ಡಿನೇಟರ್, ಅಂದರೆ ರೋಗಿಗಳು ಭಾಗವಹಿಸುವ ವೈದ್ಯಕೀಯ ಅಧ್ಯಯನಗಳ ದಿನದಿನದ ಕೆಲಸ ನೋಡಿಕೊಳ್ಳುವವಳು. ಕಲಬುರಗಿಯಿಂದ ಬಂದ ರೋಗಿಯ ಪಕ್ಕ ಕೂತು ಕನ್ಸೆಂಟ್ ಫಾರ್ಮನ್ನು ಕನ್ನಡದಲ್ಲಿ ಓದಿ ಹೇಳುವುದು, ವಿಸಿಟ್ ತಪ್ಪಿಸಿದವರಿಗೆ ಫೋನ್ ಮಾಡುವುದು, ಅಧ್ಯಯನದ ದಾಖಲೆ ಪರಿಶೀಲಿಸುವ ಮಾನಿಟರ್ ಬರುವ ಮುಂಚೆ ಫೈಲು ಸರಿಮಾಡಿಡುವುದು ನನ್ನ ಕೆಲಸ. ನಮ್ಮಂಥವರ ಹೊರೆ, ತರಬೇತಿ, ಕೆಲಸ ಬಿಟ್ಟುಹೋಗುವಿಕೆಯ ಬಗ್ಗೆಯೂ ಲೇಖನಗಳು ಬರುತ್ತವೆ. ಅವುಗಳ ಬಗ್ಗೆ ಯಾರು ಮಾತಾಡಿಕೊಳ್ಳುತ್ತಾರೆ ಎಂದು ಎರಡು ವರ್ಷದಿಂದ ಡೊಂಬಿವಲಿಯ ಮನೆಯಲ್ಲಿ ಭಾನುವಾರ ಕೂತು ಎಣಿಸುತ್ತಿದ್ದೇನೆ.

ಮೊದಲು ಪಟ್ಟಿ. ವೈದ್ಯಕೀಯ ಲೇಖನಗಳನ್ನು ಹುಡುಕುವ ಉಚಿತ ತಾಣ ಪಬ್‌ಮೆಡ್‌ನಲ್ಲಿ ಸ್ಟಡಿ ಕೋಆರ್ಡಿನೇಟರ್, ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್, ರಿಸರ್ಚ್ ನರ್ಸ್, ರಿಸರ್ಚ್ ವರ್ಕ್‌ಫೋರ್ಸ್ ಎಂದು ಬೇರೆ ಬೇರೆಯಾಗಿ ಇಂಗ್ಲಿಷಿನಲ್ಲಿ ಹುಡುಕಿ. ಒಂದೇ ಹೆಸರಿನಲ್ಲಿ ಹುಡುಕಿ ಮೊದಲ ವರ್ಷ ನರ್ಸ್‌ಗಳ ಮೇಲಿನ ಲೇಖನಗಳನ್ನೆಲ್ಲ ನಾನು ಬಿಟ್ಟುಬಿಟ್ಟಿದ್ದೆ. ಸಿಕ್ಕ ಪ್ರತಿ ಲೇಖನದ ಡಿಒಐ, ಅಂದರೆ ‘10.’ ಎಂದು ಶುರುವಾಗುವ, ಆ ಲೇಖನದ ಕಾಯಂ ಗುರುತನ್ನು, ಶೀಟಿನಲ್ಲಿ ಒಂದೊಂದು ಸಾಲಿಗೆ ಹಾಕಿ. ಜರ್ನಲ್‌ನಲ್ಲಿ ಬರುವ ಮುಂಚೆ ಆನ್‌ಲೈನ್‌ಗೆ ಹಾಕಿದ ಕರಡಿಗೆ (ಪ್ರಿಪ್ರಿಂಟ್) ಬೇರೆ ಡಿಒಐ ಇದ್ದರೆ ಅದೂ ಅದೇ ಸಾಲಿನ ಪಕ್ಕಕ್ಕೆ.

ಆಮೇಲೆ, ಲೇಖನಗಳಿಗೆ ಆನ್‌ಲೈನ್‌ನಲ್ಲಿ ಸಿಕ್ಕ ಗಮನವನ್ನು ಲೆಕ್ಕ ಇಡುವ ಆಲ್ಟ್‌ಮೆಟ್ರಿಕ್‌ನ ಉಚಿತ ಬುಕ್‌ಮಾರ್ಕ್‌ಲೆಟ್ಟನ್ನು (ಬುಕ್‌ಮಾರ್ಕ್ ಪಟ್ಟಿಯಲ್ಲಿ ಕೂರುವ ಗುಂಡಿ) ಬ್ರೌಸರ್‌ಗೆ ಸೇರಿಸಿ, ಲೇಖನದ ಪುಟದಲ್ಲಿ ಒತ್ತಿ. ಬಣ್ಣದ ಬಳೆಯ ನಡುವೆ ಒಂದು ಅಂಕಿ ಬರುತ್ತದೆ. ಬಳೆಯಲ್ಲಿ ಕೆಂಪು ಎಂದರೆ ಸುದ್ದಿ, ಹಳದಿ ಬ್ಲಾಗ್, ನೇರಳೆ ಸರ್ಕಾರಿ ನೀತಿ ದಾಖಲೆ. ಆ ಅಂಕಿ ಬರೀ ಎಣಿಕೆಯಲ್ಲ. ಸುದ್ದಿಗೆ 8, ಬ್ಲಾಗಿಗೆ 5, ನೀತಿ ದಾಖಲೆಗೆ 3 ಎಂಬ ತೂಕವಿದೆ, ಎಕ್ಸ್ ಪೋಸ್ಟಿಗೆ ಬಹಳ ಕಡಿಮೆ. ಲೇಖನ ಜೋಡಿಸಿಡುವ ಮೆಂಡಲಿ ಎಂಬ ಆ್ಯಪಿನಲ್ಲಿ ಲೇಖನ ಉಳಿಸಿಕೊಂಡವರು ಅಂಕಿಯೊಳಗೆ ಸೇರುವುದೇ ಇಲ್ಲ. ಅವರಿಗೆ ಇನ್ನೊಂದು ಕಾಲಂ ಮಾಡಿ.

ಅಂಕಿ ಬರೆದು ಎದ್ದುಬಿಡಬೇಡಿ. ಬಳೆಯ ಮೇಲೆ ಕ್ಲಿಕ್ ಮಾಡಿ, ಅಲ್ಲಿ ಕಾಣುವ ಪ್ರತಿ ಉಲ್ಲೇಖವನ್ನೂ ತೆರೆಯಿರಿ, ‘ಯಾರು’ ಎಂಬ ಕಾಲಂನಲ್ಲಿ ತುಂಬಿ: ಲೇಖಕರೇ, ಜರ್ನಲ್‌ನ ಖಾತೆಯೇ, ವೈದ್ಯರೇ, ಕೋಆರ್ಡಿನೇಟರ್ರೇ. ನನಗೆ ಎಲ್ಲಕ್ಕಿಂತ ಮುಖ್ಯ ಈ ಕಾಲಂ. ಸಂಬಳ, ಕೆಲಸದ ಹೊತ್ತಿನ ಬಗ್ಗೆ ಬರೆದ ಒಂದು ಲೇಖನದ ಅಂಕಿ ನೋಡಿ ಹಿಗ್ಗಿ, ಒಂದೊಂದೇ ತೆರೆದರೆ, ಬಹುಪಾಲು ಲೇಖಕರದು, ಅವರ ಸಂಸ್ಥೆಯದು. ನಮ್ಮವರು ಒಬ್ಬರೂ ಇರಲಿಲ್ಲ. ಅವತ್ತು ಬಹಳ ಬೇಜಾರಾಯಿತು.

ಆದರೆ ನಮ್ಮವರು ಓದುತ್ತಾರೆ. ಅದೇ ಲೇಖನದ ಪಿಡಿಎಫ್ ಕೋಆರ್ಡಿನೇಟರ್‌ಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದಾಗ, ಠಾಣೆಯ ಗೆಳತಿಯೊಬ್ಬಳು ರಾತ್ರಿ ಹನ್ನೊಂದಕ್ಕೆ ಮೂರು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದಳು: ‘ಅಕ್ಕಾ, ಎರಡನೇ ಟೇಬಲ್ ನೋಡು, ನನ್ನ ದಿನವೇ ಅದು.’ ವಾಟ್ಸ್‌ಆ್ಯಪ್ ಗುಂಪಿನೊಳಗಿನ ಮಾತು ಯಾವ ಬಳೆಯಲ್ಲೂ ಕಾಣುವುದಿಲ್ಲ. ಅದಕ್ಕೆ ‘ಕೈಲೆಕ್ಕ’ ಎಂಬ ಕಾಲಂ ಇಟ್ಟಿದ್ದೇನೆ: ತಾರೀಖು, ಎಷ್ಟು ಜನ ಉತ್ತರಿಸಿದರು, ಏನು ಕೇಳಿದರು. ಹೆಸರು ಬರೆಯುವುದಿಲ್ಲ, ನೀವೂ ಬರೆಯಬೇಡಿ. ಇದನ್ನು ಆಲ್ಟ್‌ಮೆಟ್ರಿಕ್ ಅಂಕಿಗೆ ಕೂಡಿಸಲೂಬೇಡಿ.

ಹೋಲಿಸುವಾಗ ಒಂದೇ ವಯಸ್ಸಿನ ಲೇಖನಗಳನ್ನೇ ಹೋಲಿಸಿ. ಹೋದ ತಿಂಗಳು ಬಂದದ್ದನ್ನು ಐದು ವರ್ಷದ ಹಿಂದಿನದರ ಪಕ್ಕ ಇಡಬೇಡಿ. ಕ್ಯಾನ್ಸರ್ ಔಷಧಿಯ ಟ್ರಯಲ್ ಜೊತೆಗಂತೂ ಬೇಡವೇ ಬೇಡ. ಪೋಸ್ಟ್‌ಗಳು ಅಳಿಸಿಹೋಗುತ್ತವೆ, ಅಂಕಿ ಇಳಿಯುವುದೂ ಉಂಟು. ಹಾಗಾಗಿ ಪ್ರತಿ ಅಂಕಿಯ ಪಕ್ಕ ನೋಡಿದ ದಿನಾಂಕ ಇರಲಿ. ನಾನು ಮೂರು ತಿಂಗಳಿಗೊಮ್ಮೆ ಮತ್ತೆ ನೋಡುತ್ತೇನೆ, ಹಳೆಯ ಅಂಕಿ ಅಳಿಸದೆ ಪಕ್ಕದಲ್ಲೇ ಹೊಸದನ್ನು ಬರೆಯುತ್ತೇನೆ.