ಚಾಪೆ ಕೆಳಗಿನ ಸಂತೆ

ಮೂಡಿಗೆರೆ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಚಪ್ಪಲಿಗೂ ಬೂಷ್ಟು ಬರುತ್ತೆ. ಅದಕ್ಕೆಲ್ಲ ನಾವು ತಲೆ ಕೆಡಿಸಿಕೊಳ್ಳುವವರಲ್ಲ. ಆದರೆ ಹೋದ ಮಳೆಗಾಲ ಬಚ್ಚಲ ಪಕ್ಕದ ಕೋಣೆಯಲ್ಲಿ ಬೆಳಿಗ್ಗೆ ಚಾಪೆ ಎತ್ತಿದರೆ, ಕೆಳಗೆ ಬೂದು ಬಣ್ಣದ ಹುಳುಗಳ ಸಂತೆ! ಮುಟ್ಟಿದರೆ ಕೆಲವು ಒಳ್ಳೆಮೆಣಸಿನ ಕಾಳಿನ ಹಾಗೆ ಗುಂಡಗೆ ಸುತ್ತಿಕೊಳ್ಳುತ್ತಿದ್ದವು.

ಮೊದಲು ಸ್ಪ್ರೇ ಹೊಡೆದೆ. ಅವತ್ತು ಸತ್ತವು, ಮೂರನೇ ದಿನ ಮತ್ತೆ ಅಷ್ಟೇ. ಒಂದನ್ನು ಗಾಜಿನ ಲೋಟಕ್ಕೆ ಹಾಕಿ ನೋಡಿದೆ. ಏಳು ಜೊತೆ ಕಾಲು. ಇಂಗ್ಲಿಷಿನಲ್ಲಿ ವುಡ್‌ಲೌಸ್ ಅನ್ನುವ ಇವು ಏಡಿ, ಸೀಗಡಿಗಳ ಬಳಗ. ಉಸಿರಾಡುವುದು ಕಿವಿರಿನಂಥ ಅಂಗದಲ್ಲಿ, ಹಾಗಾಗಿ ತೇವ ಇಲ್ಲದೆ ಬದುಕಲ್ಲ. ಕಚ್ಚಲ್ಲ, ಗಟ್ಟಿ ಮರಕ್ಕೆ ಬಾಯಿ ಹಾಕಲ್ಲ. ಕೊಳೆತ ಎಲೆ, ಬೂಷ್ಟು ಸಿಕ್ಕರೆ ಸಾಕು. ಗೆದ್ದಲೇನೋ ಅಂತ ಸುಮ್ನೆ ಹೆದರಿದ್ದೆ. ಹುಡುಕಬೇಕಾಗಿದ್ದು ನೀರನ್ನು.

ಗೋಡೆ ಒರೆಸಿ, ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪ್ ಹಾಕಿ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಹಾಳೆಯ ಒಳಮೈ ಬೆವತಿತ್ತು, ಹೊರಮೈ ಒಣಗಿತ್ತು. ಹೊರಮೈಯಲ್ಲಿ ಹನಿ ಇದ್ದಿದ್ದರೆ ಗಾಳಿಯ ಥಂಡಿ ಅನ್ನಬಹುದಿತ್ತು. ಇದು ಗೋಡೆಯೊಳಗಿನ ನೀರೇ.

ಹೊರಗೆ ಹೋಗಿ ನೋಡಿದರೆ ತಪ್ಪು ನನ್ನದೇ. ಡೇಲಿಯಾ ನೆಡೋಕೆ ಅಂತ ಗೋಡೆಗೆ ಒತ್ತಿ ಮಣ್ಣು ಏರಿಸಿದ್ದೆ, ಒಳಗಿನ ನೆಲಕ್ಕಿಂತ ಒಂದು ಗೇಣು ಮೇಲೆ. ಸೂರಿನ ನೀರೆಲ್ಲ ಅದರ ಮೇಲೇ ಬೀಳುತ್ತಿತ್ತು. ಅತ್ತೆ ಇನ್ನೊಂದು ಹೇಳಿದರು: "ಹಂಡೆ ಒಲೆ ಉರೀತಿದ್ದಾಗ ಈ ಗೋಡೆ ಯಾವತ್ತು ಒದ್ದೆ ಇತ್ತು ಹೇಳು?" ನಿಜ. ಗೀಸರ್ ಬಂದ ಮೇಲೆ ಅದು ಬಿಸಿಯನ್ನೇ ಕಂಡಿಲ್ಲ.

ಮಳೆ ಹೊಳವಾದ ದಿನ ಮಣ್ಣು ತೆಗೆಸಿದೆವು. ಎರಡಡಿ ಅಗಲ, ಒಳಗಿನ ನೆಲಕ್ಕಿಂತ ಅರ್ಧ ಅಡಿ ಕೆಳಗಿನವರೆಗೆ. ಅಲ್ಲಿ ಜಲ್ಲಿ ಹಾಸಿ, ನೀರು ತೋಟದ ಕಡೆ ಹರಿಯುವ ಹಾಗೆ ಇಳಿಜಾರು ಕೊಟ್ಟೆವು. ಸೂರಿಗೆ ತಗಡಿನ ದೋಣಿ ಕಟ್ಟಿಸಿದೆವು. ಇನ್ನು ಬಣ್ಣ. ಹಳೇ ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದ್ದು ದಂಡ, ಒಳಗಿನ ತೇವ ಹೊರಬರಲಾಗದೆ ಹಪ್ಪಳದ ಹಾಗೆ ಉಬ್ಬಿತ್ತು. ಬೇಸಿಗೆಯಲ್ಲಿ ಕೆರೆದು ಸುಣ್ಣ ಬಳಿಸಿದೆವು. ಕಿಟಕಿಯನ್ನೂ ಈಗ ಬಿಸಿಲು ಕಂಡಾಗಲೇ ತೆಗೆಯುವುದು. ಧೋ ಅಂತ ಸುರಿಯುವಾಗ ತೆಗೆದರೆ ಥಂಡಿ ಇನ್ನೂ ಜಾಸ್ತಿ, ಅಲ್ವಾ?

ಈ ಸಲ ಪುಷ್ಯ ಮಳೆಯಲ್ಲಿ ಚಾಪೆ ಎತ್ತಿದೆ. ಎರಡೇ ಎರಡು ಹುಳು. ಡೇಲಿಯಾ ಈಗ ಅಂಗಳದ ಕುಂಡಗಳಲ್ಲಿವೆ, ಸಂತೆಯೂ ಆ ಕುಂಡಗಳ ಕೆಳಗೆ ಸೇರಿದೆ. ಅಲ್ಲಿ ಎಲೆ ಗೊಬ್ಬರ ಮಾಡಿಕೊಂಡಿರಲಿ ಬಿಡಿ.